ಮೊದಲ ಕೊಡ

ಊರಿಗಾಂ, ಕೆಜಿಎಫ್
4 ಸೆಪ್ಟೆಂಬರ್ 2022

ತಮ್ಮ ಕೋದಂಡಪ್ಪನಿಗೆ ಅಕ್ಕ ಮಾರಿಯಮ್ಮನ ಆಶೀರ್ವಾದ.

ನೀನು ಇಲ್ಲಿಂದ ಹೊರಟು ಕ್ಷೇಮವಾಗಿ ಬೂದಿಕೋಟೆ ಸೇರಿದೆ ಎಂದು, ಹಬ್ಬಕ್ಕೆ ನಿನ್ನ ಮನೆಗೆ ಬಂದಿರುವ ನಿನ್ನ ಮಗಳು ನವ್ಯಶ್ರೀ ನನ್ನ ಮಗ ಬಾಲಾಜಿಗೆ ಫೋನಿನಲ್ಲಿ ಹೇಳಿದಳು. ಬೋರ್‌ವೆಲ್ ಲಾರಿಯ ಸದ್ದು ನಿನ್ನ ಕಿವಿಯನ್ನು ತಿಂದುಹಾಕಿದ ಮೇಲೆ ನಮ್ಮಿಬ್ಬರಿಗೆ ಕಾಗದವೇ ಗತಿ. ಅವರಿವರ ಬಾಯಲ್ಲಿ ಹೇಳಿಸುವುದಕ್ಕಿಂತ ನಾನೇ ಬರೆಯುವುದು ಮೇಲು.

ನಮ್ಮ ಲೈನಿನ ಸಾಲುಮನೆಗಳಲ್ಲೆಲ್ಲ ನಿನ್ನದೇ ಮಾತು. ಗೌರಿ ಹಬ್ಬಕ್ಕೆ ತವರಿನಿಂದ ಮೊರದಲ್ಲಿ ಬಾಗಿನ ಬರುವುದನ್ನು ಎಲ್ಲರೂ ಕಂಡಿದ್ದಾರೆ, ಟೆಂಪೋದಲ್ಲಿ ಪೈಪು ಬಂದದ್ದನ್ನು ಯಾರೂ ಕಂಡಿರಲಿಲ್ಲ ಎಂದು ಪಕ್ಕದ ಮನೆಯ ಪುಷ್ಪ ಇನ್ನೂ ನಗುತ್ತಿದ್ದಾಳೆ. ನಗಲಿ. ದೊಡ್ಡ ರಸ್ತೆಯ ವಾಲ್ವಿನಿಂದ ನಮ್ಮ ಲೈನಿನ ನಲ್ಲಿಗೆ ಬರುವ ಗಣಿ ಕಂಪನಿ ಕಾಲದ ಕಬ್ಬಿಣದ ಪೈಪು ತೂತು ಬಿದ್ದು ಯಾವ ಕಾಲವಾಗಿತ್ತೋ. ಅರ್ಜಿ ಬರೆದು ಬರೆದು ನಮ್ಮ ಕೈ ಸೋತಿತ್ತು. ನೀನು ಬಿಸಿಲಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಪೈಪಿನ ತುದಿಗಳನ್ನು ಕಾಯಿಸಿ ಕಾಯಿಸಿ ಕೂಡಿಸಿದ್ದನ್ನು ಈ ಲೈನಿನವರು ಮರೆಯುವುದಿಲ್ಲ.

ಮೊನ್ನೆ ನೀರು ಬಿಟ್ಟರು. ನಮಗೆ ಎಂಟು ಹತ್ತು ದಿನಕ್ಕೊಮ್ಮೆ ಬಿಡುವುದು ನಿನಗೆ ಗೊತ್ತೇ ಇದೆ. ಹಿಂದೆಲ್ಲ ನಲ್ಲಿ ತಿರುಗಿಸಿದರೆ ಮೊದಲು ತುಕ್ಕಿನ ಕೆಂಪು ನೀರು. ಅದು ತಿಳಿಯಾಗುವವರೆಗೆ ಚೆಲ್ಲಿ, ಆಮೇಲೆ ತುಂಬಿದ ಮೊದಲ ಕೊಡವನ್ನು ಬಸುರಿಯೋ ಬಾಣಂತಿಯೋ ಇರುವ ಮನೆಗೆ ಕೊಡುವುದು ಲೈನಿನ ಪದ್ಧತಿ. ಗಂಡಸರು ಗಣಿಗೆ ಇಳಿಯುತ್ತಿದ್ದ ಕಾಲದಿಂದ ನಡೆದುಬಂದದ್ದು. ತಮಿಳರಾಗಲಿ, ತೆಲುಗರಾಗಲಿ, ನಮ್ಮವರಾಗಲಿ, ಎಷ್ಟೇ ಜಗಳವಿದ್ದರೂ ಆ ಕೊಡಕ್ಕೆ ಯಾರೂ ಅಡ್ಡ ಬರುವುದಿಲ್ಲ. ಈ ಸಲ ಮೊದಲ ಹನಿಯೇ ತಿಳಿ ನೀರು. ಒಂದು ಲೋಟ ಕೂಡ ಚೆಲ್ಲಲಿಲ್ಲ. ಸೊಸೆ ಸುಕನ್ಯಗೆ ಈಗ ಐದು ತಿಂಗಳಲ್ಲವೇ, ಪುಷ್ಪ ತಾನೇ ಕೊಡ ಹೊತ್ತು ತಂದು ನಮ್ಮ ಹೊಸ್ತಿಲಲ್ಲಿ ಇಟ್ಟಳು. "ನಿಮ್ ತಮ್ಮ ತಂದ ಗಂಗಮ್ಮ ಕಣಕ್ಕಾ, ಫಸ್ಟು ಕೊಡಂ ನಿಮ್ ಸೊಸೇಗೇ" ಅಂದಳು. ನನಗೆ ಕಣ್ಣು ತುಂಬಿ ಬಂತು.

ನೀರಿಗೆ ಹೊಸ ಬಕೆಟ್ಟಿನ ವಾಸನೆ ಇದೆ ಎಂದು ಸುಕನ್ಯ ಮೂಗು ಮುರಿಯುತ್ತಾಳೆ. ಬಸುರಿಯರಿಗೆ ಎಲ್ಲದರಲ್ಲೂ ವಾಸನೆ.

ನಿನ್ನ ಅಕ್ಕ
ಮಾರಿಯಮ್ಮ


ಬೂದಿಕೋಟೆ
18 ಸೆಪ್ಟೆಂಬರ್ 2022

ಅಕ್ಕನಿಗೆ ಕೋದಂಡಪ್ಪನ ನಮಸ್ಕಾರ.

ನಿನ್ನ ಕಾಗದ ಓದಿದ ಮುನಿಲಕ್ಷ್ಮಿ, "ನನ್ ತವರಿಂದ ಒಂದ್ ಚೆಂಬೂ ಬರ್ನಿಲ್ಲ, ನಿಮ್ಮಕ್ಕಂಗೆ ನಲ್ಲೀನೇ ಓಯ್ತು" ಎಂದು ಸಂಜೆಯವರೆಗೂ ಮುಖ ಊದಿಸಿಕೊಂಡಿದ್ದಳು. ಕಿವಿಗೆ ಬೀಳದಿದ್ದರೇನು, ಎದುರಿಗಿರುವವರ ತುಟಿ ನೋಡಿ ಅರ್ಥ ಮಾಡಿಕೊಳ್ಳುವುದು ನನಗೆ ರೂಢಿಯಾಗಿದೆ. ಹೆಂಡತಿಯ ತುಟಿಯಂತೂ ಬಾಯಿಪಾಠ.

ವಾಸನೆಗೆ ಹೆದರಬೇಡ ಎಂದು ಸುಕನ್ಯಗೆ ಹೇಳು. ಹೊಸ ಸೀರೆಗೂ ಗಂಜಿ ವಾಸನೆ ಇರುತ್ತದೆ, ಎರಡು ಸಲ ಒಗೆದರೆ ಹೋಗುತ್ತದೆ. ಬಂಗಾರಪೇಟೆಯ ಅಂಗಡಿಯವನು ಮೂರು ಥರ ಪೈಪು ತೋರಿಸಿದ. ಎರಡು ಥರದವು ಬಗ್ಗಿಸಿದರೆ ಬಳುಕುತ್ತಿದ್ದವು. ಈ ಬೂದು ಬಣ್ಣದ್ದೊಂದೇ ಗಟ್ಟಿ, ಒಳ್ಳೆ ತೂಕ. ನಿಮ್ಮಲ್ಲಿ ನೆಲವೆಲ್ಲ ಬಂಡೆ, ಹೂಳಲು ಆಗುವುದಿಲ್ಲ, ಪೈಪು ಬಿಸಿಲಲ್ಲೇ ಮಲಗಬೇಕು, ಹಾಗಾಗಿ ಬಿಸಿಲಿಗೆ ಒಡೆಯದ್ದೇ ಬೇಕೆಂದು ಇದನ್ನು ಆರಿಸಿದೆ. ಹೆಸರು, ಮುದ್ರೆ ಏನೂ ಇಲ್ಲದ ಪೈಪು, ನಿಜ. ಆದರೆ ಇಷ್ಟು ವರ್ಷ ಬೋರ್ ಕೊರೆದವನಿಗೆ ಪೈಪಿನ ಜಾತಿ ಕೈಗೇ ತಿಳಿಯುತ್ತದೆ. ಇಪ್ಪತ್ತು ವರ್ಷ ಅದಕ್ಕೆ ಸಾವಿಲ್ಲ.

ಮಿಕ್ಕ ಪೈಪು ಕೊಟ್ಟಿಗೆಯ ಅಟ್ಟದ ಮೇಲಿದೆ. ನಮ್ಮ ಮನೆಗೂ ಒಂದು ದಿನ ಬೇಕಾಗುತ್ತದೆ. ಹೆರಿಗೆಯ ಹೊತ್ತಿಗೆ ಬರಲು ನೋಡುತ್ತೇನೆ, ಮಾತು ಕೊಡಲಾರೆ. ಎರಡು ಹೊತ್ತು ಹಾಲು ಕರೆದು ಡೇರಿಗೆ ಹಾಕುವವನಿಗೆ ಹಸುವೇ ಯಜಮಾನಿ.

ನಿಮ್ಮ ಲೈನಿನ ಮೊದಲ ಕೊಡದ ಪದ್ಧತಿ ನನಗೆ ಬಹಳ ಹಿಡಿಸಿತು ಅಕ್ಕ. ನಮ್ಮೂರಿನಲ್ಲಿ ಇಂಥದ್ದು ಇಲ್ಲ, ಇಲ್ಲಿ ಬಿಂದಿಗೆ ಮುಂದಿಟ್ಟವಳದೇ ರಾಜ್ಯ.

ನಿನ್ನ ತಮ್ಮ
ಕೋದಂಡಪ್ಪ


ಊರಿಗಾಂ
29 ಜನವರಿ 2023

ತಮ್ಮನಿಗೆ,

ಸುಕನ್ಯಗೆ ಹೆಣ್ಣು ಮಗು. ತೂಕ ಸ್ವಲ್ಪ ಕಡಿಮೆ ಎಂದರು. ಬಣ್ಣ ನಮ್ಮ ಅಮ್ಮನದು, ಅಳು ಮಾತ್ರ ನಿನ್ನದು. ಸಹನ ಎಂದು ಹೆಸರಿಡುತ್ತೇವೆ.

ತಾಯಿಗೆ ಹಾಲು ಸಾಲುತ್ತಿಲ್ಲ. ಡಬ್ಬಿ ಹಾಲಿನ ಪುಡಿ ಕಲಸಿ ಕೊಡುತ್ತೇವೆ. ಅದಕ್ಕೆ ಬೇರೆ ನೀರು ಮುಟ್ಟಿಸುವುದಿಲ್ಲ. ಮೊದಲ ಕೊಡದ ನೀರನ್ನು ಬೇರೆಯೇ ಮುಚ್ಚಿಟ್ಟು, ಮರಳಿಸಿ, ಆರಿಸಿ ಕೊಡುತ್ತೇನೆ. ಬಾಣಂತಿ ಮನೆಯೆಂದು ಲೈನಿನವರು ಆ ಕೊಡವನ್ನು ನಮಗೇ ಬಿಟ್ಟಿದ್ದಾರೆ. ಮಗುವಿಗೆ ನಡಿಗೆ ಬರುವವರೆಗೂ ನಿಮ್ಮದೇ ಎಂದು ಪುಷ್ಪ ನ್ಯಾಯ ತೀರಿಸಿದ್ದಾಳೆ. ಹಿಂದಿನ ಬೀದಿಯವರು ನೀರಿಗೆ ಹೊಡೆದಾಡುವುದನ್ನು ಕಂಡಾಗ, ನಾನು ಎಂಥ ಜನರ ನಡುವೆ ಬದುಕಿದೆ ಎಂದು ಹೆಮ್ಮೆಯಾಗುತ್ತದೆ.

ನಿನ್ನ ಹಸು ಈಯುವುದಿದೆ, ಬರಲಾರೆ ಎಂದು ನವ್ಯ ಹೇಳಿದಳು. ಬೇಸರವಿಲ್ಲ. ನೀನು ಬರದಿದ್ದರೂ ನಿನ್ನ ನೀರು ತಪ್ಪದೆ ಈ ಮನೆಗೆ ಬರುತ್ತಿದೆ.

ಮಾರಿಯಮ್ಮ


ಊರಿಗಾಂ
18 ಆಗಸ್ಟ್ 2024

ತಮ್ಮ ಕೋದಂಡಪ್ಪನಿಗೆ,

ಕಾಗದ ಬರೆದು ಬಹಳ ದಿನವಾಯಿತು. ಬರೆಯಲು ಒಳ್ಳೆಯದೇನಾದರೂ ಆಗಲಿ ಎಂದು ಕಾಯುತ್ತಿದ್ದೆ.

ಸಹನ ಒಂದೂವರೆ ವರ್ಷ ದಾಟಿದಳು. ಈಗಲೂ ಗೋಡೆ ಹಿಡಿದೇ ನಿಲ್ಲುತ್ತಾಳೆ. ತುತ್ತು ಬಾಯಿಗಿಟ್ಟರೆ ತಲೆ ತಿರುಗಿಸುತ್ತಾಳೆ. ಹೊಟ್ಟೆ ಹಿಡಿದುಕೊಂಡು ಅಳುತ್ತಾಳೆ, ಮುಖ ಬಿಳಿಚಿಕೊಂಡಿದೆ. ಅವಳು ಹುಟ್ಟಿದ ಹಬ್ಬದ ಹೊತ್ತಿಗೆ ನೀರು ಕಂಡರೆ "ನೀ, ನೀ" ಎನ್ನುತ್ತಿದ್ದಳು, ನನ್ನನ್ನು "ಜ್ಜಿ" ಎನ್ನುತ್ತಿದ್ದಳು. ಈಗ ಎರಡೂ ಇಲ್ಲ. ಕಲಿತ ಮಾತು ಹೋಗುವುದುಂಟೇ? ನಾನು ಇಷ್ಟು ಮಕ್ಕಳನ್ನು ಎತ್ತಿ ಆಡಿಸಿದ್ದೇನೆ, ಇದನ್ನು ಕಂಡಿರಲಿಲ್ಲ.

ಇಲ್ಲಿನ ಡಾಕ್ಟರು ಜಂತು ಎಂದು ಔಷಧಿ ಕೊಟ್ಟರು, ರಕ್ತ ಕಡಿಮೆ ಎಂದು ಟಾನಿಕ್ ಕೊಟ್ಟರು. ಲೈನಿನವರೆಲ್ಲ ಗುಡ್ಡದ ದೂಳು ಎನ್ನುತ್ತಾರೆ. ನಿನಗೆ ಗೊತ್ತಲ್ಲ, ಗಣಿಯಿಂದ ತೆಗೆದು ಸುರಿದ ಆ ಬಿಳಿ ಮಣ್ಣಿನ ಗುಡ್ಡ. ಗಾಳಿಯ ಕಾಲದಲ್ಲಿ ನಮಗೇನಾದರೂ ಅದರದೇ ತಪ್ಪು. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದ್ದೇವೆ. ಮೊದಲ ಕೊಡದ ನೀರನ್ನೇ ಹೆಚ್ಚು ಹೆಚ್ಚು ಕುಡಿಸುತ್ತಿದ್ದೇನೆ, ಒಳಗೆ ಹೋದ ದೂಳು ತೊಳೆದು ಹೋಗಲಿ ಎಂದು.

ನನಗೆ ಭಯವಾಗಿದೆ ಕಣೋ.

ಮಾರಿಯಮ್ಮ


ಬೂದಿಕೋಟೆ
28 ಆಗಸ್ಟ್ 2024

ಅಕ್ಕನಿಗೆ,

ಕೆಲವು ಮಕ್ಕಳಿಗೆ ಮಾತು ನಿಧಾನ. ನನಗೆ ಮೂರು ವರ್ಷವಾದರೂ ಬಾಯಿ ಬಂದಿರಲಿಲ್ಲ, ಬಂದ ಮೇಲೆ ಯಾರೂ ನಿಲ್ಲಿಸಲಾಗಲಿಲ್ಲ ಎಂದು ನೀನೇ ಹೇಳುತ್ತಿದ್ದೆ. ಗುಡ್ಡದ ದೂಳೇ ಇರಬೇಕು. ಮಗುವನ್ನು ಕರೆದುಕೊಂಡು ಇಲ್ಲಿಗೆ ಬಾ, ಹಾಲಿದೆ, ಗಾಳಿ ಚೆನ್ನಾಗಿದೆ. ಅಲ್ಲಿರುವವರೆಗೂ ನಲ್ಲಿಯ ಹೊಸ ನೀರನ್ನೇ ಕುಡಿಸು, ಡ್ರಮ್ಮಿನಲ್ಲಿ ನಿಂತ ನೀರು ಕೊಡಬೇಡ.

ಒಂದು ಸಿಹಿ ಸುದ್ದಿ, ನಿನಗೇ ಮೊದಲು ಹೇಳುತ್ತಿದ್ದೇನೆ. ನವ್ಯಶ್ರೀ ನೀರು ಹಾಕಿಕೊಂಡು ಎರಡು ತಿಂಗಳಾಯಿತು. ಮದುವೆಯಾಗಿ ಆರು ವರ್ಷಕ್ಕೆ ಮತ್ತೆ ಬಸಿರು. ಹಿಂದೆ ಎರಡು ಸಲ ನಿಲ್ಲಲಿಲ್ಲ ಎಂಬುದು ನಿನಗೆ ತಿಳಿದದ್ದೇ. ಭಾರ ಎತ್ತಬಾರದು, ಹೆಚ್ಚು ಓಡಾಡಬಾರದು ಎಂದಿದ್ದಾರಂತೆ. ಗಂಡನ ಮನೆ ಮುಳಬಾಗಿಲಿನಿಂದ ದೀಪಾವಳಿಗೆ ಕರೆತಂದು ಹೆರಿಗೆಯವರೆಗೂ ಇಲ್ಲೇ ಇಟ್ಟುಕೊಳ್ಳುತ್ತೇವೆ.

ಕೋದಂಡಪ್ಪ


ಊರಿಗಾಂ
20 ಅಕ್ಟೋಬರ್ 2024

ತಮ್ಮನಿಗೆ,

ನವ್ಯಳ ಸುದ್ದಿ ಕೇಳಿ ಸಂತೋಷವಾಯಿತು. ಉತ್ತರ ತಡವಾಯಿತು.

ಸಹನಳನ್ನು ಬೆಂಗಳೂರಿನ ಆಸ್ಪತ್ರೆಗೆ ತೋರಿಸಿದೆವು. ರಕ್ತದಲ್ಲಿ ಏನೋ ಸೇರಿದೆಯಂತೆ, ಔಷಧಿ ನಡೆದಿದೆ. ನೀರಿನಿಂದ ಇರಬಹುದು ಎಂದರು. ನೀರು ಎಲ್ಲೆಲ್ಲಿಂದ ಹರಿದು ಬರುತ್ತದೋ ಯಾರು ಬಲ್ಲರು.

ಲೈನಿನ ಪೈಪನ್ನು ತೆಗೆಸಿದೆವು. ಹಳೆಯದಾಗಿತ್ತು.

ದೀಪಾವಳಿಗೆ ಏನೂ ಕಳಿಸಬೇಡ. ಬರುವುದೂ ಬೇಡ, ನಾವು ಆಸ್ಪತ್ರೆಗೆ ಓಡಾಡುವುದರಲ್ಲಿ ಮನೆಯಲ್ಲಿ ಇರುವುದಿಲ್ಲ.

ಮಾರಿಯಮ್ಮ


ಬೂದಿಕೋಟೆ
11 ಜನವರಿ 2025

ಅಕ್ಕನಿಗೆ,

ಬರೆಯಬಾರದು ಎಂದೇ ಇದ್ದೆ. ಹಬ್ಬ ಹತ್ತಿರ ಬಂತು, ಮನಸ್ಸು ತಡೆಯಲಿಲ್ಲ.

ಪೈಪು ಹಳೆಯದಾಗಿತ್ತು ಎಂದು ಬರೆದೆಯಲ್ಲ, ಎರಡು ವರ್ಷಕ್ಕೆ ಹಳೆಯದಾಗುವ ಪೈಪೇ ಅದು? ಯಾರೋ ದೊಡ್ಡವರು ಹೊಸದು ಹಾಕಿಸಿಕೊಟ್ಟಿರಬೇಕು, ಬಡ ತಮ್ಮನ ಪೈಪು ನಾಚಿಕೆಯಾಗಿರಬೇಕು. ಕೊಟ್ಟೋನು ಕೋಡಂಗಿ ಅಂತಾರಲ್ಲ, ಆ ಕೋಡಂಗಿ ನಾನೇ. ಬರಬೇಡ ಎಂದು ಬರೆದೆ. ನೀನು ಹುಟ್ಟಿದ ಮನೆಗೆ ಆ ಮಾತು ಬರೆಯಲು ನಿನಗೆ ಕೈ ಹೇಗೆ ಬಂತು?

ಇರಲಿ. ನಿನಗೆ ಬೇಡವಾದದ್ದು ನನ್ನ ಮಗಳಿಗೆ ಬೇಕಾಯಿತು. ಅಟ್ಟದ ಮೇಲಿದ್ದ ಪೈಪನ್ನು ಇಳಿಸಿ, ತೋಟದ ಬೋರಿನಿಂದ ಅಡುಗೆಮನೆಯವರೆಗೆ ನಾನೇ ಎಳೆದಿದ್ದೇನೆ. ದೀಪಾವಳಿಗೆ ನವ್ಯ ಬಂದ ದಿನದಿಂದ ಮನೆಯೊಳಗೇ ನೀರು. ಒಂದು ಚೆಂಬನ್ನೂ ಅವಳು ಹೊರುವಂತಿಲ್ಲ. ಬೆಳಗ್ಗೆ ಮೋಟಾರು ಹಾಕಿ ಬಂದ ಮೊದಲ ನೀರನ್ನು ಬೇರೆ ತುಂಬಿಸಿ ಅವಳಿಗೆಂದೇ ಇಡುತ್ತೇನೆ. ನಿಮ್ಮ ಲೈನಿನಿಂದ ಕಲಿತದ್ದು. ನೀನು ನನ್ನನ್ನು ಮರೆತರೂ ನಿನ್ನ ಒಳ್ಳೆಯದನ್ನು ನಾನು ಮರೆತಿಲ್ಲ.

ಅವಳಿಗೆ ಈಗ ಏಳು ತಿಂಗಳು. ಈ ಸಲ ನಿಂತಿದೆ ಅಕ್ಕ.

ಕೋದಂಡಪ್ಪ


ಊರಿಗಾಂ
14 ಜನವರಿ 2025

ಕೋದಂಡ,

ನಿನ್ನ ಕಾಗದ ಈಗ ಬಂತು. ಓದಿ ನಿಂತ ಕಾಲಲ್ಲೇ ನವ್ಯಳಿಗೆ ಫೋನು ಮಾಡಿಸಿದೆ. ಆ ನಲ್ಲಿಯ ನೀರನ್ನು ಬಾಯಿಗೆ ಹಾಕಬೇಡ, ಅದರಲ್ಲಿ ಅನ್ನವನ್ನೂ ಮಾಡಬೇಡಿ, ಬಾಲಾಜಿ ಬರುವವರೆಗೆ ಊರ ತೊಟ್ಟಿಯಿಂದ ತರಿಸಿ ಎಂದು ಅಷ್ಟೇ ಹೇಳಿದೆ. ಉಳಿದದ್ದನ್ನು ನಿನಗೆ ನಾನೇ ಹೇಳಬೇಕು. ಬಾಲಾಜಿ ಟೈಲ್ಸ್ ಕೆಲಸ ಬಿಟ್ಟು ಈ ಕಾಗದ ಹಿಡಿದು ಬರುತ್ತಿದ್ದಾನೆ. ಅವನ ಎದುರಿಗೇ ಓದು.

ಸಹನಳ ರಕ್ತದಲ್ಲಿ ಸೇರಿದ್ದು ಸೀಸ. ಬ್ಯಾಟರಿಯಲ್ಲಿರುತ್ತದಲ್ಲ, ಅದು. ಬೆಂಗಳೂರಿನ ಡಾಕ್ಟರಮ್ಮ ಕೇಳದ ಪ್ರಶ್ನೆ ಇಲ್ಲ. ಕಣ್ಣಿಗೆ ಯಾವ ಕಾಡಿಗೆ, ಗೋಡೆಗೆ ಯಾವ ಬಣ್ಣ, ಆಟಕ್ಕೆ ಯಾವ ಸಾಮಾನು, ಎಲ್ಲ ಕೇಳಿದರು. ಗುಡ್ಡದ ದೂಳೇ ಎಂದು ನಾನು ಹಟ ಹಿಡಿದೆ. ಅಂಗಳದ ಮಣ್ಣನ್ನೂ ನಲ್ಲಿಯ ನೀರನ್ನೂ ತರಿಸಿಕೊಂಡರು. ಒಂದೊಂದು ಕೊಡದ ನೀರನ್ನೂ ಬೇರೆ ಬೇರೆ ಬಾಟಲಿಯಲ್ಲಿ ಹಿಡಿಸಿದರು. ಮಣ್ಣಿನಲ್ಲಿ ಅಷ್ಟೇನೂ ಇರಲಿಲ್ಲ. ಕೊನೆಯ ಕೊಡಗಳಲ್ಲಿ ಇಲ್ಲವೆಂಬಷ್ಟು. ಮೊದಲ ಕೊಡದಲ್ಲಿ ತುಂಬಿತ್ತು.

ಪೈಪು ಗಟ್ಟಿಯಾಗಲಿ, ಬಿಸಿಲಿಗೆ ಒಡೆಯದಿರಲಿ ಎಂದು ಕೆಲವರು ಅದಕ್ಕೆ ಸೀಸ ಬೆರೆಸುತ್ತಾರಂತೆ. ನೀನು ಗಟ್ಟಿ ಎಂದು ಆರಿಸಿದ್ದು ಅದಕ್ಕೇ ಗಟ್ಟಿ. ನೀರು ಅದರೊಳಗೆ ಬಿಸಿಲಲ್ಲಿ ಎಂಟು ಹತ್ತು ದಿನ ನಿಂತು, ಸೀಸ ಬಿಟ್ಟುಕೊಂಡು, ಮೊದಲು ಹೊರಗೆ ಬರುತ್ತದೆ. ಕಬ್ಬಿಣದ ಪೈಪಿನಲ್ಲಿ ತುಕ್ಕು ಕಣ್ಣಿಗೆ ಕಾಣುತ್ತಿತ್ತು, ಚೆಲ್ಲುತ್ತಿದ್ದೆವು. ಇದು ಕಾಣಲಿಲ್ಲ. ಕುದಿಸಿದರೂ ಹೋಗುವುದಿಲ್ಲವಂತೆ, ಇನ್ನಷ್ಟು ಮಂದವಾಗುತ್ತದಂತೆ. ನಾನು ಎಷ್ಟು ಕುದಿಸಿದೆನೋ.

"ಆ ಮೊದಲನೇ ಕೊಡ ಯಾರ ಮನೆಗೆ ಹೋಗುತ್ತೆ?" ಎಂದು ಡಾಕ್ಟರಮ್ಮ ಕೇಳಿದರು. ನಾನು ಸುಕನ್ಯಳ ಮುಖ ನೋಡಿದೆ. ಅವಳು ಮಗುವಿನ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಲೈನಿನಲ್ಲಿ ಬೇರೆ ಮಕ್ಕಳಿಗೂ ರಕ್ತ ಪರೀಕ್ಷೆ ಮಾಡಿದರು. ಎಲ್ಲರಲ್ಲೂ ಅಷ್ಟಿಷ್ಟಿದೆ, ಇವಳಷ್ಟು ಯಾರಲ್ಲೂ ಇಲ್ಲ. ಎಲ್ಲರೂ ಸೇರಿ ಪ್ರೀತಿಯಿಂದ ಕೊಟ್ಟದ್ದನ್ನು ಇವಳೊಬ್ಬಳೇ ಕುಡಿದಳು. ಪುಷ್ಪ ನಮ್ಮ ಮನೆಗೆ ಬರುವುದನ್ನೇ ಬಿಟ್ಟಿದ್ದಾಳೆ. "ನಾನೇ ಒತ್ಕೊಂಡ್ ಬಂದು ಕೊಟ್ನಲ್ಲಕ್ಕಾ" ಎಂದು ಬೀದಿಯಲ್ಲೇ ನಿಂತು ಅತ್ತಳು.

ಇದನ್ನು ನಿನಗೆ ಅಕ್ಟೋಬರಿನಲ್ಲೇ ಬರೆಯಬೇಕಿತ್ತು. ಬರೆಯಲು ಕೂತೆ. ಕಿವಿ ಹೋದ ಮೇಲೆ ನಿನ್ನ ಮುಖದಲ್ಲಿ ನಗು ಕಂಡದ್ದೇ ಆ ಪೈಪು ಕೂಡಿಸಿದ ದಿನ. ತಮ್ಮ ಎದೆ ಒಡೆದುಕೊಳ್ಳುತ್ತಾನೆ, ಗೊತ್ತಾಗಿ ಅವನಿಗೆ ಆಗಬೇಕಾದ್ದೇನು ಎಂದುಕೊಂಡೆ. ಮಿಕ್ಕ ಪೈಪು ಅಟ್ಟದ ಮೇಲಿದೆ ಎಂದು ನೀನು ಎಂದೋ ಬರೆದದ್ದು ನನಗೆ ನೆನಪಾಗಲೇ ಇಲ್ಲ. ತಾನೊಂದು ಬಗೆದರೆ ದೈವವೊಂದು ಬಗೆಯಿತು.

ನವ್ಯಳನ್ನು ನಾಳೆಯೇ ಕೋಲಾರಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಏನು ಕೇಳಬೇಕೆಂದು ಬಾಲಾಜಿಗೆ ಗೊತ್ತು. ಪೈಪು ಕಿತ್ತುಹಾಕು.

ಇವತ್ತು ಸಂಕ್ರಾಂತಿ. ಎಳ್ಳು ಕಳಿಸಲು ನನಗೆ ಮುಖವಿಲ್ಲ.

ಅಕ್ಕ


ಬೂದಿಕೋಟೆ
26 ಜನವರಿ 2025

ಮಾರಿಯಮ್ಮನವರಿಗೆ,

ನವ್ಯಳ ರಕ್ತದಲ್ಲೂ ಇದೆ. ಸಹನಳಷ್ಟು ಇಲ್ಲ. ಹೊಟ್ಟೆಯಲ್ಲಿರುವ ಮಗುವಿಗೆ ಎಷ್ಟು ಹೋಗಿದೆ ಎಂದು ಈಗ ಹೇಳಲಾಗದು, ಹುಟ್ಟಿದ ಮೇಲೆ ನೋಡಬೇಕು ಎಂದರು. ಹುಟ್ಟುವವರೆಗೆ ನಾವು ಹೀಗೇ ಇರಬೇಕು.

ನೀನು ಬಂಗಾರದ ಊರಿನವಳು. ಮಾತು ಬೆಳ್ಳಿ, ಮೌನ ಬಂಗಾರ ಎಂದುಕೊಂಡೆಯೇನೋ. ನಾನು ಪೈಪು ತಂದದ್ದು ತಿಳಿಯದೆ. ನೀನು ಸುಮ್ಮನಿದ್ದದ್ದು ತಿಳಿದು. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಪ್ರತಿ ಬೆಳಗ್ಗೆ ನಾನು ನನ್ನ ಕೈಯಾರೆ ಅವಳಿಗೆ ತುಂಬಿಸಿ ಕೊಟ್ಟೆ. "ಸಾಕು ಕಣಪ್ಪಾ" ಎಂದರೂ ಇನ್ನೊಂದು ಲೋಟ ಕುಡಿಸಿದೆ.

ನನ್ನ ಎದೆ ಒಡೆಯುತ್ತದೆ ಎಂದು ಹೆದರಿದೆ. ಒಡೆದಿದ್ದರೆ ಏನಾಗುತ್ತಿತ್ತು? ಮುದುಕನ ಎದೆ.

ಇನ್ನು ಬರೆಯಬೇಡ.

ಕೋದಂಡಪ್ಪ


ಊರಿಗಾಂ
20 ಏಪ್ರಿಲ್ 2025

ತಮ್ಮನಿಗೆ,

ಬರೆಯಬೇಡ ಎಂದೆ, ಬರೆಯುತ್ತಿದ್ದೇನೆ. ನೀನು ಬರೆದದ್ದು ಸರಿ.

ನವ್ಯಳಿಗೆ ಗಂಡು ಮಗು ಎಂದು ಬಾಲಾಜಿಯಿಂದ ತಿಳಿಯಿತು. ಹೇಗಿದೆ ಎಂದು ಕೇಳುವ ಹಕ್ಕು ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ಒಂದು ಸಾಲು ಬರೆ ಸಾಕು. ಬೈದಾದರೂ ಬರೆ.

ಸಹನ ಗೋಡೆ ಬಿಟ್ಟು ನಾಲ್ಕು ಹೆಜ್ಜೆ ಇಟ್ಟಳು.

ಮಾರಿಯಮ್ಮ


ಬೂದಿಕೋಟೆ
20 ಆಗಸ್ಟ್ 2025

ಅಕ್ಕನಿಗೆ,

ನಿನ್ನ ಏಪ್ರಿಲಿನ ಕಾಗದ ದೇವರ ಗೂಡಿನಲ್ಲೇ ಇದೆ. ಮುನಿಲಕ್ಷ್ಮಿ ದಿನಾ ಅದನ್ನು ತೆಗೆದು ನನ್ನ ಮುಂದೆ ಇಡುತ್ತಾಳೆ, ನಾನು ತೆಗೆದು ಒಳಗಿಡುತ್ತೇನೆ. ಇವತ್ತು ಸೋತೆ.

ಮೊಮ್ಮಗನಿಗೆ ನಾಲ್ಕು ತಿಂಗಳು ತುಂಬಿದೆ. ಹುಟ್ಟಿದಾಗ ರಕ್ತ ನೋಡಿದರು, ಸ್ವಲ್ಪ ಇತ್ತು. ಈಗ ಇಳಿದಿದೆಯಂತೆ. ಹಾಲು ಚೆನ್ನಾಗಿ ಕುಡಿಯುತ್ತಾನೆ, ಸದ್ದಾದ ಕಡೆ ತಿರುಗುತ್ತಾನೆ ಎಂದು ನವ್ಯ ಹೇಳುತ್ತಾಳೆ. ವರ್ಷ ತುಂಬುವವರೆಗೆ ಆಗಾಗ ತೋರಿಸುತ್ತಿರಿ ಎಂದಿದ್ದಾರೆ. ಅವನು ಕೈ ಆಡಿಸಿದರೂ ಸರಿಯಾಗಿ ಆಡಿಸುತ್ತಿದ್ದಾನೆಯೇ ಎಂದು ನೋಡುವ ಚಾಳಿ ನನಗೆ ಅಂಟಿದೆ.

ಆ ಪೈಪನ್ನು ಅವತ್ತೇ ಕಿತ್ತೆ. ಸುಡಲು ಹೋದರೆ ನವ್ಯ ಓಡಿ ಬಂದು ತಡೆದಳು, ಹೊಗೆಯಲ್ಲೂ ವಿಷವಂತೆ. ಹೊರಗೆ ಎಸೆದರೆ ಯಾರಾದರೂ ಎತ್ತಿಕೊಂಡು ಹೋಗುತ್ತಾರೆ. ಪಕ್ಕದ ಹೊಲದ ಸೀನಪ್ಪ ಆಗಲೇ ಬಂದು, "ನಿಂಗ್ ಬ್ಯಾಡ್ದಿದ್ರೆ ನಂಗಾದ್ರೂ ಕೊಡ್ಲಾ" ಎಂದ. ವಿಷಯ ಹೇಳಿದರೆ ನಕ್ಕ. ಅವನ ತುಟಿ ನೋಡಿದೆ, 'ಕಿವುಡಂಗೆ ತಲೇನೂ ಓಯ್ತು' ಅಂದ. ಯಾರಿಗೂ ಬಳಕೆಯಾಗದಂತೆ ಗರಗಸ ಹಿಡಿದು ಗೇಣು ಗೇಣು ತುಂಡು ಮಾಡಿ ಚೀಲದಲ್ಲಿ ಕಟ್ಟಿಟ್ಟಿದ್ದೇನೆ. ಚೀಲವನ್ನು ಎಲ್ಲಿ ಹಾಕಬೇಕೋ ತಿಳಿಯದು. ಕೊಟ್ಟಿಗೆಗೆ ಹೋದಾಗಲೆಲ್ಲ ಕಾಣುತ್ತದೆ. ಬಂಗಾರಪೇಟೆಯ ಆ ಅಂಗಡಿಗೂ ಹೋಗಿ ಬಂದೆ. ನೀರಿಗೆ ಎಂದಿರಿ, ನೀರಿಗೆ ಕೊಟ್ಟೆ ಎಂದ. ಆ ಬೂದು ಪೈಪು ಈಗಲೂ ಅವನ ಬಾಗಿಲಲ್ಲಿ ನಿಂತಿದೆ.

ಅಕ್ಕ, ನಿನ್ನ ಮೇಲಿನ ಸಿಟ್ಟು ಇಳಿದಿದೆ. ಇಳಿದ ಮೇಲೆ ತಿಳಿಯಿತು, ಅದರಲ್ಲಿ ಮುಕ್ಕಾಲು ನನ್ನ ಮೇಲಿನದು. ನಿನ್ನನ್ನು ಬೈಯುತ್ತಿದ್ದಷ್ಟು ದಿನ ನಾನು ಸಹನಳನ್ನು ನೆನೆಯಬೇಕಾಗಿರಲಿಲ್ಲ.

ಮಂಗಳವಾರ ಗೌರಿ ಹಬ್ಬ. ಮೊರದಲ್ಲಿ ಬಾಗಿನ ಕಳಿಸುತ್ತಿದ್ದೇನೆ, ಎಲ್ಲರೂ ಕಳಿಸುವಂಥದ್ದೇ. ನಾನು ಬರುವುದಿಲ್ಲ. ಆ ಮಗುವಿನ ಮುಂದೆ ನಿಲ್ಲಲಾರೆ.

ಕೋದಂಡಪ್ಪ


ಊರಿಗಾಂ
31 ಆಗಸ್ಟ್ 2025

ತಮ್ಮ ಕೋದಂಡಪ್ಪನಿಗೆ,

ಮೊರ ಬಂತು. ತವರಿನ ಅರಿಸಿನ ಹಚ್ಚಿಕೊಂಡು ಬಾಗಿಲಲ್ಲಿ ಕೂತು ಮನಸಾರೆ ಅತ್ತೆ. ನಿನ್ನ ಮೊಮ್ಮಗ ಸದ್ದಿಗೆ ತಿರುಗುತ್ತಾನೆ ಎಂಬ ಸಾಲನ್ನು ಸುಕನ್ಯ ಎರಡು ಸಲ ಓದಿಸಿಕೊಂಡಳು.

ಸಹನಳ ವಿಷಯ ಮುಚ್ಚಿಡದೆ ಬರೆಯುತ್ತೇನೆ. ಇನ್ನು ನಿನ್ನಿಂದ ಏನನ್ನೂ ಮುಚ್ಚಿಡುವುದಿಲ್ಲ. ರಕ್ತದ ಸೀಸ ಇಳಿದಿದೆ. ಹೊಟ್ಟೆನೋವು ನಿಂತಿದೆ, ಅನ್ನ ಸೇರುತ್ತದೆ, ನಡೆಯುತ್ತಾಳೆ. ಆದರೆ ತಲೆಗೆ ಏರಿದ್ದರಿಂದ ಏನೇನು ಕೆಟ್ಟಿದೆಯೋ, ಅದೆಲ್ಲ ಮರಳಿ ಬರುತ್ತದೆ ಎಂದು ಡಾಕ್ಟರಮ್ಮ ಮಾತು ಕೊಡುವುದಿಲ್ಲ. ಓರಗೆಯ ಮಕ್ಕಳು ಕಥೆ ಹೇಳುವ ವಯಸ್ಸು. ಇವಳು ಬೆರಳು ತೋರಿಸಿ ಕೇಳುತ್ತಾಳೆ. ವಾರಕ್ಕೊಮ್ಮೆ ಮಾತು ಕಲಿಸುವವರ ಹತ್ತಿರ ಕರೆದುಕೊಂಡು ಹೋಗುತ್ತೇವೆ.

ಲೈನಿಗೆ ಈಗ ಕುಡಿಯುವ ನೀರಿಗೆಂದೇ ಮುದ್ರೆ ಒತ್ತಿದ ಪೈಪು ಬಂದಿದೆ. ಆದರೂ ನಿಂತ ನೀರು ನಿಂತ ನೀರೇ, ಮೊದಲು ಬಂದದ್ದನ್ನು ಕುಡಿಯಬೇಡಿ ಎಂದಿದ್ದಾರೆ. ನೀರು ಬಿಟ್ಟ ದಿನ ಪುಷ್ಪನೇ ನಲ್ಲಿಯ ಹತ್ತಿರ ಕಾವಲು. ನಮ್ಮ ಮನೆಗೆ ಬರಲು ಅವಳಿಗೆ ಇನ್ನೂ ಆಗುವುದಿಲ್ಲ, ಆದರೆ ಮೊದಲ ಕೊಡವನ್ನು ಅವಳು ಯಾರಿಗೂ ಬಿಡುವುದಿಲ್ಲ. ತಾನೇ ಹಿಡಿದು ಚರಂಡಿಗೆ ಸುರಿಯುತ್ತಾಳೆ. ನೀರಿಲ್ಲದ ಊರಿನಲ್ಲಿ ಹೆಂಗಸರ ಕೈ ಬರುವುದಿಲ್ಲ, ಹಿಂದುಮುಂದು ನೋಡುತ್ತಾರೆ. ಅದಕ್ಕೆ ಎಲ್ಲರೂ ಸೇರಿ "ಚೆಲ್ಲು, ಚೆಲ್ಲು" ಎಂದು ಕೂಗುವುದು ರೂಢಿಯಾಗಿದೆ.

ಮೊನ್ನೆ ನೀರು ಬಂದಾಗ ಸಹನ ನನ್ನ ಸೀರೆ ಹಿಡಿದು ನಿಂತಿದ್ದಳು. ಪುಷ್ಪ ಕೊಡ ಎತ್ತಿದಳು. ಯಾರೂ ಇನ್ನೂ ಬಾಯಿ ತೆರೆದಿರಲಿಲ್ಲ. ಸಹನ ಕೈ ಚಾಚಿ, "ಚೆಲ್ಲು" ಅಂದಳು. ಸ್ಪಷ್ಟವಾಗಿ, ಎಲ್ಲರಿಗೂ ಕೇಳುವಂತೆ. ಪುಷ್ಪ ಕೊಡವನ್ನು ಹಾಗೇ ಕೆಳಗಿಟ್ಟು ಕೂತುಬಿಟ್ಟಳು. ಮಗು ಸಿಟ್ಟುಮಾಡಿ ಇನ್ನೊಂದು ಸಲ ಅಂದಳು.

ಹೋದ ಮಾತುಗಳಲ್ಲಿ "ನೀ" ಬರಲಿಲ್ಲ, "ಜ್ಜಿ"ಯೂ ಬರಲಿಲ್ಲ. ಈ ಒಂದು ಮಾತು ಬಂದಿದೆ.

ನೀನು ಬಾ. ಅವಳ ಮುಂದೆ ನಿಲ್ಲಲಾರೆ ಎಂದೆ. ನಾನು ದಿನಾ ನಿಲ್ಲುತ್ತಿದ್ದೇನೆ. ಆ ಚೀಲವನ್ನೂ ತೆಗೆದುಕೊಂಡು ಬಾ, ನಮ್ಮ ಲೈನಿನಿಂದ ಕಿತ್ತ ಬೂದು ಪೈಪನ್ನು ತೆಗೆದುಕೊಂಡು ಹೋದ, ವಿಷದ ಕಸ ವಿಲೇವಾರಿ ಮಾಡುವವರಿಗೇ ಒಪ್ಪಿಸೋಣ. ಮುಂದಿನ ವಾರ ಬುಧವಾರ ನೀರು ಬಿಡುತ್ತೇವೆಂದು ವಾಲ್ವಿನವನು ಹೇಳಿದ್ದಾನೆ. ಹಸುಗಳನ್ನು ಒಂದು ದಿನ ಮುನಿಲಕ್ಷ್ಮಿ ನೋಡಿಕೊಳ್ಳಲಿ. ಈ ಸಲ ಮೊದಲ ಕೊಡವನ್ನು ನೀನು ಹಿಡಿ, ಸಹನ ಹೇಳಿದ ಮೇಲೆ ಸುರಿ. ಅವಳ ದನಿ ನಿನಗೆ ಕೇಳಿಸುವುದಿಲ್ಲ, ಅವಳ ತುಟಿ ನೋಡು, ತಿಳಿಯುತ್ತದೆ.

ಮಂಗಳವಾರ ಸಂಜೆಯ ಬಸ್ಸಿಗೆ ಕಾಯುತ್ತಿರುತ್ತೇನೆ.

ನಿನ್ನ ಅಕ್ಕ
ಮಾರಿಯಮ್ಮ